ಬಯಲ ಪೀಠಗಳ ದ್ರವ್ಯವಿಚಾರ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರನ್ನು ದಾಟಿ ಪಿರಿಯಾಪಟ್ಟಣದ ಸೀಮೆಯನ್ನು ಹೊಕ್ಕವರಿಗೆ ಕಂಪಲಾಪುರವು ಸಿಕ್ಕುವುದು. ಅಲ್ಲಿಂದ ತೆಂಕಣಕ್ಕೆ ತಿರುಗಿದರೆ ತೇಗ, ಹೊನ್ನೆ, ಮತ್ತಿ, ಬೀಟೆಗಳು ಬೆಳೆಯುವ ನಾಗರಹೊಳೆಯ ಕಾಡು. ಅದರಾಚೆ ಹೆಗ್ಗಡದೇವನಕೋಟೆಯ ಸೀಮೆಗೆ ಸೇರಿದ ಕಾಕನಕೋಟೆ. ಮರದ ಕಣಜದ ಬಾಗಿಲಲ್ಲಿಯೇ ಇರುವ ಈ ಪ್ರಾಂತದಲ್ಲಿ, ಬಯಲಿನಲ್ಲಿ ಕುಳಿತುಕೊಳ್ಳುವುದಕ್ಕೆಂದು ಹಿರಿಯರು ಮಾಡಿಸಿದ ಪೀಠಗಳನ್ನು ನೋಡಿದರೆ ಅವು ಬಹುಮಟ್ಟಿಗೆ ಕಲ್ಲಿನವೇ ಆಗಿವೆ. ಅರಳಿಯ ಕಟ್ಟೆ, ಗುಡಿಯ ಮುಂದಣ ಜಗಲಿ, ಹೊಳೆಯ ಸೋಪಾನ, ಹಾದಿಹೋಕರು ತಲೆಯ ಹೊರೆಯನ್ನು ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ನಿಲುಗಲ್ಲು, ಎಲ್ಲವೂ ಶಿಲಾಮಯ. ಮರದ ನಾಡಿನವರು ಕಲ್ಲನ್ನು ಏತಕ್ಕೆ ಆರಿಸಿದರೆಂಬುದು ವಿಚಾರಿಸತಕ್ಕ ವಿಷಯ.

ಶಾಸ್ತ್ರವನ್ನು ಕೇಳಿದರೆ ಅದು ಮರದ ಪಕ್ಷವನ್ನೇ ವಹಿಸುವುದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಶಯ್ಯಾಸನಗಳ ಲಕ್ಷಣಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಅಲ್ಲಿ ಪ್ರಶಸ್ತವೆಂದು ಎಣಿಸಿರುವ ವೃಕ್ಷಗಳಲ್ಲಿ ಅಸನ, ಚಂದನ, ದೇವದಾರು, ಕಾಶ್ಮರೀ, ಶಾಕ, ಶಿಂಶಪಾ ಮೊದಲಾದುವು ಬರುವುವು. ಶಾಕವು ತೇಗ, ಕಾಶ್ಮರಿಯು ಶಿವನೆ. ಅಸನವನ್ನು ಕೆಲವರು ಹೊನ್ನೆಯೆಂದೂ ಕೆಲವರು ಮತ್ತಿಯೆಂದೂ ಅರ್ಥಮಾಡುವರು. ಎರಡೂ ಈ ಕಾಡಿನವೇ ಆದುದರಿಂದ ಇಲ್ಲಿಯ ಬಡಗಿಗೆ ಆ ವಿವಾದದಿಂದ ನಷ್ಟವಿಲ್ಲ. ಸಿಡಿಲು ಬಡಿದ, ಗಾಳಿಗುರುಳಿದ, ಜೇನು ಕಟ್ಟಿದ, ಮಸಣದಲ್ಲಿ ಬೆಳೆದ, ಆನೆ ಕೆಡಹಿದ ಮರಗಳನ್ನು ಬಿಡಬೇಕೆಂದೂ ಆ ಗ್ರಂಥವು ವಿಧಿಸುವುದು. ಕಡೆಯ ನಿಯಮವನ್ನು ಕಾಕನಕೋಟೆಯಲ್ಲಿ ಚಾಚೂ ತಪ್ಪದೆ ನಡೆಸುವುದು ಕಷ್ಟವೇ ಸರಿ. ಇವುಗಳಲ್ಲಿ ಕೆಲವು ಶಕುನದ ಮಾತುಗಳಾದರೂ, ಸಿಡಿಲಿಗೆ ಸಿಕ್ಕಿದ ಮರದೊಳಗೆ ಕಣ್ಣಿಗೆ ಕಾಣದ ಸೀಳು ಇರುವುದೆಂಬುದು ಬಡಗಿಯು ಬಲ್ಲ ಸತ್ಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿಯೂ ಆಸನಭೋಗವೆಂಬ ಪ್ರಕರಣವುಂಟು. ಆದರೆ ಇವೆಲ್ಲ ಮಾಡಿನ ಕೆಳಗಣ ರಾಜಾಸನಗಳನ್ನು ಕುರಿತ ಮಾತು. ಬಯಲ ಪೀಠಕ್ಕೆ ಬಿಸಿಲು, ಮಳೆ, ಗೆದ್ದಲುಗಳೆಂಬ ಮೂವರು ಪರೀಕ್ಷಕರಿರುವರು. ಇವರ ಮುಂದೆ ಶುಭಾಶುಭಗಳ ಪಟ್ಟಿಯು ನಡೆಯದು.

ಆ ಪರೀಕ್ಷೆಯಲ್ಲಿ ತೇಗವು ಚೆನ್ನಾಗಿಯೇ ಉತ್ತೀರ್ಣವಾಗುವುದು. ಅದರ ಚೇಗಿನಲ್ಲಿ ಸಹಜವಾದ ಎಣ್ಣೆಯಂಶವಿರುವುದರಿಂದ ಗೆದ್ದಲು ಸುಲಭವಾಗಿ ಹತ್ತದು, ನೀರು ಬೇಗ ಇಳಿಯದು. ಆದರೆ ಚೇಗಿನ ಸುತ್ತಣ ಬಿಳಿಯ ಭಾಗಕ್ಕೆ ಈ ಗುಣವಿಲ್ಲ. ಎಳೆಯ ಮರವನ್ನು ಕೊಯ್ದು ತೇಗವೆಂಬ ಹೆಸರಿಗೆ ಹಣ ತೆತ್ತವರು ಕೆಲವೇ ಮಳೆಗಾಲಗಳಲ್ಲಿ ಪಶ್ಚಾತ್ತಾಪಪಡುವರು. ಮತ್ತಿಯು ಗಟ್ಟಿ, ಆದರೆ ಆರುವಾಗ ಬಿರಿಯುವುದು. ಹೊನ್ನೆಯು ಬಾಳಿಕೆಯದಾದರೂ ನೆನೆದಾಗ ಬಣ್ಣ ಬಿಡುವುದು. ಮಳೆ ನಿಂತ ಸಂಜೆ ಬಿಳಿಯ ಪಂಚೆಯುಟ್ಟು ಹೊನ್ನೆಯ ಹಲಗೆಯ ಮೇಲೆ ಕುಳಿತವನು ಮನೆಯಲ್ಲಿ ಉತ್ತರ ಹೇಳಬೇಕಾದೀತು. ಬೀಟೆಯನ್ನು ಬಯಲಿನಲ್ಲಿಡುವುದು ಪಟ್ಟೆಸೀರೆಯುಟ್ಟು ಗದ್ದೆಗಿಳಿದಂತೆ. ಹಲಸಿನ ಚೇಗು ಮಧ್ಯಮ. ಬಿದಿರನ್ನು ನೆಲಕ್ಕೆ ತಾಗಿಸಿದರೆ ಅದರ ಆಯುಸ್ಸು ಅತ್ಯಲ್ಪ.

ಹಾಗಾದರೆ ತೇಗದ ಪೀಠಗಳು ಊರೂರಿನ ಕಟ್ಟೆಗಳಲ್ಲಿ ಏಕಿಲ್ಲ? ಉತ್ತರವನ್ನು ಹುಣಸೂರಿನ ಚರಿತ್ರೆಯಲ್ಲಿ ಹುಡುಕಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಮದರಾಸು ಸರಕಾರದ ದೊಡ್ಡ ಕಾರ್ಖಾನೆಗಳಿದ್ದುವು: ತೊಗಲನ್ನು ಹದಮಾಡುವುದೊಂದು, ಕಂಬಳಿ ನೇಯುವುದೊಂದು, ಜತೆಗೆ ಮರದ ಅಡ್ಡೆ. 1864ರಲ್ಲಿ ಅವು ಮುಚ್ಚಿದುವು. ಆದರೂ ಅಲ್ಲಿ ಕಲಿತ ಕೈಗಳು ಊರಿನಲ್ಲಿಯೇ ಉಳಿದುದರಿಂದ ಹುಣಸೂರಿನ ತೊಗಲಿಗೂ ಬಂಡಿಗಳಿಗೂ ಬಹುಕಾಲ ಹೆಸರಿತ್ತು. ಬಂಡಿಯ ಕೆಲಸದವರಿಗೆ ದ್ರವ್ಯವಿವೇಕವು ಕರಗತ: ಅಚ್ಚಿಗೆ ದಿಂಡಿಗ, ಗುಂಬಕ್ಕೆ ಜಾಲಿ, ಹೀಗೆ ಒಂದೊಂದು ಅಂಗಕ್ಕೆ ಒಂದೊಂದು ಮರ. ಅದೇ 1864ರಲ್ಲಿ ಮೈಸೂರಿನ ಅರಣ್ಯ ಇಲಾಖೆಯು ಏರ್ಪಟ್ಟಿತು. ತೇಗವು ಸರಕಾರದ ಸೊತ್ತಾಗಿ, ಅಪ್ಪಣೆಯಿಲ್ಲದೆ ಕಡಿಯಕೂಡದೆಂದಾಯಿತು. ಕಾಡು ಕಣ್ಣಿಗೆ ಹತ್ತಿರ, ಕೈಗೆ ದೂರ. ರೈತನ ಕೈಗೆ ಎಟುಕುತ್ತಿದ್ದುದು ಹೊಲದಂಚಿನ ಬಂಡೆ.

ಕಲ್ಲನ್ನು ಬರಿಯ ಬಡತನದ ಆಯ್ಕೆಯೆಂದು ತಿಳಿಯುವುದೂ ಸರಿಯಲ್ಲ. ಹೊಯ್ಸಳರ ಗುಡಿಗಳ ಮಂಟಪಗಳಲ್ಲಿ ಬೆನ್ನೊರಗಲು ಅನುಕೂಲವಾಗುವಂತೆ ಹೊರಕ್ಕೆ ವಾಲಿಸಿದ ಶಿಲಾಫಲಕಗಳುಂಟು. ಇವಕ್ಕೆ ಕಕ್ಷಾಸನವೆಂದು ಹೆಸರು. ಅವರು ಆರಿಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಕ್ರಮೇಣ ಗಾಳಿಗೆ ಗಟ್ಟಿಯಾಗುವ ಈ ಶಿಲೆಯು ಶಿಲ್ಪಿಗೆ ಒಲಿಯುವುದು; 1268ರ ಸೋಮನಾಥಪುರದ ಗುಡಿಯು ಇದಕ್ಕೆ ಸಾಕ್ಷಿ. ಊರ ಕಟ್ಟೆಗೆ ಕುಸುರಿ ಬೇಡ, ಬಾಳಿಕೆ ಬೇಕು. ಆದುದರಿಂದ ಅಲ್ಲಿ ಕರಿಯ, ಬೂದಿಬಣ್ಣದ ಕಣಶಿಲೆ. ಬೆಂಗಳೂರಿನ ಸುತ್ತಮುತ್ತ ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಮೆಲ್ಲಮೆಲ್ಲನೆ ಸರಿಸುತ್ತ, ಕಾದ ಪದರವನ್ನು ಚಪ್ಪಡಿಯಾಗಿ ಎಬ್ಬಿಸುವ ವಿದ್ಯೆಯು ಕಲ್ಲುಕುಟಿಗರಲ್ಲಿತ್ತು. ಇಂಥ ಚಪ್ಪಡಿಗೆ ಒಂದೇ ದೋಷ: ಬಿಸಿಲಿಗೆ ಕಾಯುವುದು, ಕಾದದ್ದು ಬೇಗ ಆರದು. ಅದಕ್ಕೆ ಪರಿಹಾರವಾಗಿ ಹಿರಿಯರು ದ್ರವ್ಯವನ್ನು ಬದಲಿಸದೆ ಸ್ಥಳವನ್ನು ಆರಿಸಿದರು. ಅರಳಿ ಬೇವುಗಳ ನೆರಳಿಲ್ಲದೆ ಕಟ್ಟೆಯಿಲ್ಲ. ಮರವನ್ನು ಪೀಠವಾಗಿ ಕೊಯ್ಯದೆ ಕೊಡೆಯಾಗಿ ನಿಲ್ಲಿಸಿದ ಈ ಯುಕ್ತಿಯು ಸಾಮಾನ್ಯವಾದುದಲ್ಲ.

ಮನೆಯ ಜಗಲಿಯಲ್ಲಿ ಎರಡು ದ್ರವ್ಯಗಳೂ ಸಂಧಿಮಾಡಿಕೊಂಡಿರುವುವು. ಕುಳಿತುಕೊಳ್ಳುವ ಅಂಚಿಗೆ ಕಲ್ಲು, ಮಾಡನ್ನು ಹೊರುವುದಕ್ಕೆ ಮರದ ಕಂಬ, ಕಂಬದ ಬುಡಕ್ಕೆ ಮತ್ತೆ ಕಲ್ಲು. ಮರದ ತುದಿಯು ನೆಲದ ತೇವವನ್ನು ಹೀರದಂತೆಯೂ ಗೆದ್ದಲು ಮರೆಯಾಗಿ ಏರದಂತೆಯೂ ಇದು ತಡೆ. ಇಂದು ಅಂಗಳಕ್ಕೆ ತೇಗದ ಬೆಂಚನ್ನು ಮಾಡಿಸುವವರು ಕಾಲುಗಳ ಕೆಳಗೆ ನಾಲ್ಕು ಕಲ್ಲಿನ ತುಂಡುಗಳನ್ನಿಟ್ಟು, ಹಲಗೆಗಳ ನಡುವೆ ನೀರಿಳಿಯಲು ಸಂದು ಬಿಟ್ಟರೆ ಅರ್ಧ ಚಿಂತೆ ಕಳೆಯುವುದು.

ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗಾಹುತಿಯಾಗಿ, 1912ರಲ್ಲಿ ಕಲ್ಲು ಕಬ್ಬಿಣಗಳ ಹೊಸ ಅರಮನೆಯು ಮುಗಿದಮೇಲೆ ಜನರ ಅಭಿರುಚಿಯೂ ತಿರುಗಿತೆನ್ನಬಹುದು. ಅದರ ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದುವು. ಎರಕದ ಕಬ್ಬಿಣದ ಕಾಲು, ಮರದ ಪಟ್ಟಿ ಇರುವ ಉದ್ಯಾನದ ಬೆಂಚುಗಳೂ ಪಟ್ಟಣಗಳಿಗೆ ಬಂದುವು. ವರ್ಷಕ್ಕೊಮ್ಮೆ ಬಣ್ಣ ಬಳಿಯುವ ಶ್ರದ್ಧೆಯಿದ್ದಲ್ಲಿ ಅವು ಬಾಳಿದುವು. ಆಮೇಲೆ ಬಂದುದು ಸಿಮೆಂಟಿನ ಬೆಂಚು. ಅಗ್ಗ, ಬೇಗ ಸಿದ್ಧವಾಗುವುದು, ದಾನಿಯ ಹೆಸರನ್ನು ದೊಡ್ಡದಾಗಿ ಬರೆಯಿಸಲು ಜಾಗವೂ ಉಂಟು. ಆದರೆ ಒಳಗಣ ಕಂಬಿಯ ಮೇಲೆ ಗಾರೆಯ ಹೊದಿಕೆಯು ತೆಳುವಾಗಿದ್ದರೆ ನೀರು ತಾಗಿ ಕಂಬಿಯು ತುಕ್ಕು ಹಿಡಿದು ಉಬ್ಬುವುದು, ಉಬ್ಬಿ ಗಾರೆಯನ್ನು ಸೀಳುವುದು. ದಾನಿಯ ಹೆಸರು ಅರ್ಧಕ್ಕೆ ಮುರಿದ ಬೆಂಚುಗಳು ಅಪರೂಪವಲ್ಲ.

ಮರದ ಅಭಾವಕ್ಕೆ ಈ ಸೀಮೆಯಲ್ಲಿ ಇನ್ನೊಂದು ಕಾರಣವೂ ಸೇರಿದೆ. ಹುಣಸೂರು ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ನಾಡಾಗಿವೆ. ಕಂಪಲಾಪುರದಲ್ಲಿಯೇ ಅದರ ಹರಾಜು ಮಾರುಕಟ್ಟೆಯುಂಟು. ಎಲೆಯನ್ನು ಹದಗೊಳಿಸುವ ಬ್ಯಾರನ್ನುಗಳು ಸೌದೆಯನ್ನು ನುಂಗುವುವು. ಹೊಲದ ಬದುವಿನ ಮರ ಬೆಂಚಾಗುವ ವಯಸ್ಸಿಗೆ ಮುಂಚೆಯೇ ಒಲೆಗೆ ಹೋಗುವುದು. ಇಂಥ ಕಾಲದಲ್ಲಿ ರಸ್ತೆಯನ್ನು ಅಗಲಿಸುವಾಗ ಹಳೆಯ ಕಟ್ಟೆಯ ಚಪ್ಪಡಿಗಳನ್ನು ಕಿತ್ತು ಚರಂಡಿಗೆ ಹಾಸುವುದು ಶುದ್ಧ ಅವಿವೇಕ. ಅವನ್ನು ಎತ್ತಿಟ್ಟು, ಶಾಲೆಯ ಅಂಗಳದಲ್ಲೋ ಬಸ್ಸು ನಿಲ್ಲುವೆಡೆಯಲ್ಲೋ ಎರಡು ನಿಲುಗಲ್ಲುಗಳ ಮೇಲೆ, ನೀರು ನಿಲ್ಲದಷ್ಟು ಇಳಿಜಾರಾಗಿ ಕೂರಿಸಿ, ಪಡುವಣ ಬಿಸಿಲು ಬೀಳುವ ಕಡೆಗೆ ಒಂದು ಬೇವಿನ ಸಸಿಯನ್ನು ನೆಟ್ಟರೆ ಹೊಸ ಪೀಠಕ್ಕೆ ಕೂಲಿಯ ಹೊರತು ಹೆಚ್ಚಿನ ವೆಚ್ಚವಿಲ್ಲ.