ವೃತ್ತಕ್ಕೆ ಸಿಗದ ಊರು: ಊರಿಗಾಂ, ಬಂಗಾರಪೇಟೆಯ ಸಣ್ಣ ವ್ಯಾಪಾರಿ ಮತ್ತು ಜಾಲತಾಣದ ಜಾಹೀರಾತು

ಕೋಲಾರದ ಚಿನ್ನದ ಗಣಿಗಳಿಗಾಗಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹಾಕಿದ ರೈಲು ಹಳಿ 1894ರದು. ಒಂದು ಕಾಲಕ್ಕೆ ಅದು ಹೊರಗಿನದನ್ನು ಒಳಗೆ ತರುತ್ತಿತ್ತು: ಜಾನ್ ಟೇಲರ್ ಕಂಪನಿಯ ಯಂತ್ರಗಳನ್ನು, ಉತ್ತರ ಆರ್ಕಾಟ್ ಮತ್ತು ಚಿತ್ತೂರಿನ ಕಡೆಯ ಕೂಲಿಗಳನ್ನು. 2001ರ ಫೆಬ್ರವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಓಟದ ದಿಕ್ಕೇ ಬದಲಾಯಿತು. ಈಗ ಬೆಳಗಿನ ಗಾಡಿ ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು ಬೆಂಗಳೂರಿನ ವೈಟ್‌ಫೀಲ್ಡ್, ಕೃಷ್ಣರಾಜಪುರಗಳಲ್ಲಿ ಇಳಿಸುತ್ತದೆ, ರಾತ್ರಿ ಮರಳಿ ತರುತ್ತದೆ. ಸಣ್ಣ ಅಂಗಡಿಯ ಜಾಹೀರಾತಿನ ಬಗ್ಗೆ ಎಲ್ಲೆಡೆ ಸಿಗುವ ಉಪದೇಶ ಗಣಿಯೂರಾದ ಊರಿಗಾಂನಲ್ಲಿ ಎಡವುವುದು ಈ ಗಾಡಿಯ ಬಾಗಿಲಲ್ಲೇ ಎಂಬುದು ನನ್ನ ವಾದ.

ಉಪದೇಶ ಸರಳವಾಗಿದೆ: ಅಂಗಡಿಯ ಸುತ್ತ ನಕ್ಷೆಯಲ್ಲೊಂದು ವೃತ್ತ ಎಳೆಯಿರಿ, ಅದರೊಳಗಿನವರಿಗೆ ತೋರಿಸಿ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಆ ವೃತ್ತದಲ್ಲಿ ವಾಸವಿರುವವರನ್ನೂ ಇತ್ತೀಚೆಗೆ ಅಲ್ಲಿದ್ದವರನ್ನೂ ಒಟ್ಟಿಗೆ ಹಿಡಿಯುತ್ತವೆ. ಹಾಗಾಗಿ ದಿನವಿಡೀ ಬೆಂಗಳೂರಿನಲ್ಲಿರುವ ಇಲ್ಲಿನ ಆಂಡರ್ಸನ್‌ಪೇಟೆಯವರಿಗೂ ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯ ಜಾಹೀರಾತು ಕಾಣಬಹುದು. ತಪ್ಪುವುದು ಜನವಲ್ಲ, ಹೊತ್ತು. ಮಧ್ಯಾಹ್ನ ಹನ್ನೆರಡಕ್ಕೆ ‘ಇಂದೇ ಬನ್ನಿ’ ಎಂದರೆ ಅವರು ಬರುವುದೆಲ್ಲಿಂದ? ಗಣಿಯ ಕಾಲದ ವ್ಯಾಪಾರಿಗೆ ಪಾಳಿಯ ಲೆಕ್ಕ, ಸಂಬಳದ ದಿನದ ಲೆಕ್ಕ ಬಾಯಿಪಾಠವಾಗಿತ್ತು. ಅವರ ಮೊಮ್ಮಕ್ಕಳಿಗೆ ಬೇಕಿರುವುದು ರೈಲಿನ ವೇಳಾಪಟ್ಟಿ. ಜಾಹೀರಾತಿಗೆ ದಿನದ ಬಜೆಟ್ಟಿನ ಬದಲು ಒಟ್ಟು ಬಜೆಟ್ ಆಯ್ದರೆ ಗಂಟೆ ಗೊತ್ತುಪಡಿಸಲು ಅವಕಾಶವಿದೆ. ಪೋಸ್ಟಿನ ಕೆಳಗಿನ ಬೂಸ್ಟ್ ಗುಂಡಿ ಒತ್ತಿ ಸುಮ್ಮನಾಗುವವರು ಆ್ಯಡ್ಸ್ ಮ್ಯಾನೇಜರ್ ತೆರೆಯುವುದಿಲ್ಲ, ಈ ಅವಕಾಶ ಅವರ ಕಣ್ಣಿಗೂ ಬೀಳುವುದಿಲ್ಲ. ಗಾಡಿಯಲ್ಲಿ ಕೂತವರಿಂದ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಪಡೆದು, ರಾತ್ರಿ ಇಳಿದಾಗ ಕೈಗೆ ಕೊಡುವುದು ಇಲ್ಲಿಗೆ ಹೆಚ್ಚು ಒಗ್ಗುವ ದಾರಿ.

ಹೆಸರಿನ ತೊಡಕು ಇನ್ನೊಂದು. 2018ರ ಡಿಸೆಂಬರ್ ಮತ್ತು 2022ರ ಏಪ್ರಿಲ್‌ನಲ್ಲಿ ತೆರೆಕಂಡ ಪ್ರಶಾಂತ್ ನೀಲ್ ಅವರ ಎರಡು ಚಿತ್ರಗಳ ನಂತರ ‘ಕೆಜಿಎಫ್’ (ಕೋಲಾರ ಗೋಲ್ಡ್ ಫೀಲ್ಡ್ಸ್) ಎಂಬ ಮೂರಕ್ಷರ ಊರಿನವರ ಕೈತಪ್ಪಿದೆ. ಆ ಹ್ಯಾಷ್‌ಟ್ಯಾಗ್ ಹಿಡಿದು ಹೋದರೆ ಸಿಗುವವರು ಯಶ್ ಅಭಿಮಾನಿಗಳು, ಬೇಕರಿಯ ಗಿರಾಕಿಗಳಲ್ಲ. ‘ಊರಿಗಾಂ’, ‘ಚಾಂಪಿಯನ್ ರೀಫ್ಸ್’ ಎಂದು ಬರೆದವರನ್ನು ಹುಡುಕಿ ಬರುವುದು ಊರಿನವರೇ. ಬಂಗಾರಪೇಟೆಗೆ ಇದರ ತದ್ವಿರುದ್ಧ ಅದೃಷ್ಟ. ಅದರ ಪಾನಿಪುರಿಯ ತಿಳಿಯಾದ ನೀರು ಬೆಂಗಳೂರಿನ ಗಲ್ಲಿಗಳ ಬೋರ್ಡುಗಳಿಗೂ ಏರಿದೆ. ಆದರೆ ಚಿತ್ರದಲ್ಲಿ ಆ ನೀರು ಬರೀ ಕುಡಿಯುವ ನೀರಿನಂತೆ ಕಾಣುತ್ತದೆ! ಹಸಿರು ಪಾನಿ ಕಂಡವರಿಗೆ ಅದರ ಖಾರ ತಿಳಿಯಬೇಕಾದರೆ ಫೋಟೋ ಸಾಲದು, ತಿಂದವರ ಮುಖ ತೋರಿಸುವ ವಿಡಿಯೋ ಬೇಕು.

ಎಲ್ಲಕ್ಕಿಂತ ಜಟಿಲವಾದದ್ದು ಭಾಷೆ. ಗಣಿ ಕಾರ್ಮಿಕರ ಸಾಲುಮನೆಗಳ ಲೈನ್‌ಗಳಲ್ಲಿ ಮನೆಮಾತು ಬಹುಪಾಲು ತಮಿಳು. ತೆಲುಗು, ಕನ್ನಡ, ಉರ್ದು ಪಕ್ಕದಲ್ಲೇ ಇವೆ. ಮನೆಯಲ್ಲಿ ತಮಿಳಾಡಿ ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಕಲಿತ ಹುಡುಗಿಗೆ ತಮಿಳು ಕಿವಿಯ ಭಾಷೆಯಾಗಿರಬಹುದು, ಕಣ್ಣಿನದಲ್ಲ. ಹಾಗಾದರೆ ಭಾಷೆಗೊಂದು ಜಾಹೀರಾತು ಮಾಡೋಣವೇ? ಇಲ್ಲಿ ಯಂತ್ರದ ಗಣಿತ ಅಡ್ಡ ಬರುತ್ತದೆ. ಯಾರಿಗೆ ತೋರಿಸಿದರೆ ಫಲ ಸಿಗುತ್ತದೆಂದು ಫೇಸ್‌ಬುಕ್‌ನ ಒಡೆಯ ಮೆಟಾದ ವ್ಯವಸ್ಥೆ ಕಲಿಯಲು ಪ್ರತಿ ಆ್ಯಡ್ ಸೆಟ್‌ಗೆ, ಎಂದರೆ ಒಟ್ಟಿಗೆ ಓಡುವ ಜಾಹೀರಾತುಗಳ ಗುಂಪಿಗೆ, ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ದಿನಕ್ಕೆ 200 ರೂಪಾಯಿ ಹಾಕುವ ಅಂಗಡಿಗೆ ಒಂದು ವಿಚಾರಣೆಗೆ 35 ರೂಪಾಯಿ ತಗಲುತ್ತದೆಂದು ಲೆಕ್ಕಕ್ಕೆ ಇಟ್ಟುಕೊಳ್ಳಿ: ವಾರದ 1,400 ರೂಪಾಯಿಗೆ 40 ವಿಚಾರಣೆ. ಮೇಲೆ ಶೇ. 18 ಜಿಎಸ್‌ಟಿ, ಎಂದರೆ 252 ರೂಪಾಯಿ. ಮೂರು ಭಾಷೆಗೆ ಮೂರು ಸೆಟ್ ಮಾಡಿದರೆ ಒಂದೊಂದಕ್ಕೆ ಹದಿಮೂರು, ಯಾವುದೂ ಕಲಿಯುವುದಿಲ್ಲ. ಒಂದೇ ಸೆಟ್‌ನೊಳಗೆ ಮೂರು ವಿಡಿಯೋ ಇಟ್ಟರೆ ಲೆಕ್ಕ ಐವತ್ತರ ಹತ್ತಿರವಾದರೂ ಬರುತ್ತದೆ ನಿಜ, ಆದರೆ ಮೊದಲ ದಿನಗಳಲ್ಲಿ ಮುಂದಿದ್ದ ವಿಡಿಯೋಗೆ ಯಂತ್ರ ಹಣದ ಬಹುಪಾಲನ್ನು ಸುರಿಯುತ್ತದೆ. ತೆಲುಗಿನವರಿಗೆ ಅವಕಾಶ ಸಿಗುವ ಮೊದಲೇ ಬಾಗಿಲು ಮುಚ್ಚಿರುತ್ತದೆ. ಅದಕ್ಕಿಂತ ಮಾತು ಕಡಿಮೆಯಿರುವ ಒಂದೇ ವಿಡಿಯೋ ವಾಸಿ: ಸರಕು, ಅಂಕಿಯಲ್ಲಿ ಬೆಲೆ, ಎಲ್ಲರೂ ಗುರುತಿಸುವ ಎಂ.ಜಿ. ಮಾರುಕಟ್ಟೆಯ ದಾರಿ. ಭಾಷೆಯ ಕೆಲಸ ಆಮೇಲಿನದು. ವಿಚಾರಿಸಿದವರು ವಾಟ್ಸ್‌ಆ್ಯಪ್‌ನಲ್ಲಿ ಯಾವ ಭಾಷೆಯಲ್ಲಿ ಕೇಳಿದರೋ ಅದರಲ್ಲೇ ಧ್ವನಿ ಸಂದೇಶ ಕಳಿಸುವುದು. ಗಲ್ಲಾದಲ್ಲಿ ಕೂತೇ ನಾಲ್ಕು ಭಾಷೆ ಆಡುವ ಇಲ್ಲಿನ ವ್ಯಾಪಾರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಮೊಬೈಲ್ ತೋರಿಸುವ ವಿಚಾರಣೆಗಳ ಸಂಖ್ಯೆ ವ್ಯಾಪಾರವಲ್ಲ. ಒಂದೇ ವಿಡಿಯೋವನ್ನು ಒಂದು ವಾರ ಬೆಳಗಿನ ಗಾಡಿಯ ಹೊತ್ತಿಗೆ, ಇನ್ನೊಂದು ವಾರ ರಾತ್ರಿ ಗಾಡಿಯ ಹೊತ್ತಿಗೆ ಬಿಟ್ಟು, ಜಾಹೀರಾತು ನೋಡಿ ಬಂದೆವೆಂದವರನ್ನು ಉದ್ರಿ ಪುಸ್ತಕದ ಕೊನೆಯ ಪುಟದಲ್ಲಿ ಗೀಟು ಹಾಕಿ ಎಣಿಸಿದರೆ, ಯಾವ ಗಾಡಿ ಗಿರಾಕಿಯನ್ನು ತಂದಿತೆಂದು ಹದಿನಾಲ್ಕು ದಿನಕ್ಕೆ ತಿಳಿಯುತ್ತದೆ.