ಥೊಗೊಟೊದ ಮಿಷನ್ನು ಮತ್ತು ಕಿಕೂಯು ಜನತೆ

ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ, ನೈರೋಬಿ ನಗರದ ಸಮೀಪ, ಥೊಗೊಟೊ ಎಂಬ ಊರುಂಟು. ‘ಸ್ಕಾಟ್’ ಎಂಬ ಶಬ್ದವು ಕಿಕೂಯು ಜನರ ನಾಲಗೆಯಲ್ಲಿ ಮಾರ್ಪಟ್ಟು ಈ ಹೆಸರಾಯಿತು. ಸ್ಕಾಟ್ಲೆಂಡಿನ ಕ್ರೈಸ್ತ ಪ್ರಚಾರಕರು ಅಲ್ಲಿ ನೆಲೆಯೂರಿದ ವೃತ್ತಾಂತವು, ಜನರಿಗೆ ಅಕ್ಷರವನ್ನೂ ಆಚಾರವನ್ನೂ ಕಲಿಸಹೊರಟ ಯಾವ ಸಂಸ್ಥೆಗಾದರೂ ಮನನಯೋಗ್ಯವಾದುದು.

ಈ ಮಿಷನ್ನು 1891ರಲ್ಲಿ ಡಾ. ಜೇಮ್ಸ್ ಸ್ಟೂವರ್ಟರಿಂದ ಕಿಬ್ವೆಜಿಯಲ್ಲಿ ಆರಂಭವಾಯಿತು. ಬ್ರಿಟಿಷ್ ಪೂರ್ವ ಆಫ್ರಿಕ ಕಂಪನಿಯ ಪ್ರಮುಖರಾದ ವಿಲಿಯಂ ಮ್ಯಾಕಿನನ್ ಮತ್ತು ಅವರ ಮಿತ್ರರು ಅದಕ್ಕೆ ಧನವೊದಗಿಸಿದರು. ಮಲೇರಿಯ ಜ್ವರದ ಹಾವಳಿಗೆ ಹಲವರು ಬಲಿಯಾಗಲು, 1898ರಲ್ಲಿ ಥಾಮಸ್ ವಾಟ್ಸನ್ನರು ಮಿಷನ್ನನ್ನು ಎತ್ತರದ ಕಿಕೂಯು ಸೀಮೆಗೆ ಸಾಗಿಸಿದರು. ಆಗಲೇ ಅಲ್ಲಿ ಕ್ಷಾಮವೂ ಸಿಡುಬೂ ಬಂದೆರಗಿದವು. ವಾಟ್ಸನ್ ದಂಪತಿಗಳು ಹಸಿದವರಿಗೆ ಅನ್ನವಿತ್ತರು. 1900ರಲ್ಲಿ ವಾಟ್ಸನ್ನರು ತೀರಿಕೊಂಡರೂ ಪತ್ನಿ ಮಿನ್ನಿಯವರು ಊರಿಗೆ ಮರಳದೆ ಶಾಲೆಯನ್ನು ನಡೆಸಿದರು.

1901ರಲ್ಲಿ ಸ್ಕಾಟ್ಲೆಂಡಿನ ಚರ್ಚು ಆಡಳಿತವನ್ನು ವಹಿಸಿಕೊಂಡಿತು. ಕ್ಲೆಮೆಂಟ್ ಸ್ಕಾಟರ ಕಾಲದಲ್ಲಿ ಮಿಷನ್ನಿಗೆ ಸುಮಾರು 3000 ಎಕರೆ ಭೂಮಿ ದೊರೆಯಿತು. ಬಿಳಿಯ ವಲಸಿಗರಿಗೆ ನೆಲ ಕಳೆದುಕೊಳ್ಳುತ್ತಿದ್ದ ಜನರಿಗೆ ಇದು ಸಂಶಯಕ್ಕೆ ಎಡೆಯಾಯಿತು. ಮೊದಲ ದೀಕ್ಷಾಸ್ನಾನ ನಡೆದದ್ದು 1907ರಲ್ಲಿ. ಆದರೆ ಓದುಬರಹದ ಬೆಲೆ ತಿಳಿದಂತೆ ತರುಣರು ಶಾಲೆಗೆ ಬರತೊಡಗಿದರು. ಮುಂದೆ ಸ್ವತಂತ್ರ ಕೀನ್ಯಾದ ಮೊದಲ ಅಧ್ಯಕ್ಷರಾದ ಜೊಮೊ ಕೆನ್ಯಾಟಾ ಇಲ್ಲಿಯೇ ಕಲಿತು, 1914ರಲ್ಲಿ ದೀಕ್ಷಾಸ್ನಾನ ಪಡೆದರು. 1926ರಲ್ಲಿ ಹೊಸ ಒಡಂಬಡಿಕೆಯು ಕಿಕೂಯು ಭಾಷೆಯಲ್ಲಿ ಪ್ರಕಟವಾಯಿತು.

ಪರೀಕ್ಷೆಯ ಕಾಲ ಬಂದುದು 1929ರಲ್ಲಿ. ಪ್ರಾಯಕ್ಕೆ ಬರುವ ಹೆಣ್ಣುಮಕ್ಕಳಿಗೆ ಸುನ್ನತಿ ಮಾಡುವುದು ಕಿಕೂಯು ಸಂಪ್ರದಾಯವಾಗಿತ್ತು. ಮಿಷನ್ನಿನ ಮುಖ್ಯಸ್ಥ ಡಾ. ಜಾನ್ ಆರ್ಥರ್ ವೈದ್ಯರು. ಅದರ ಘೋರ ಪರಿಣಾಮಗಳನ್ನು ಬಲ್ಲವರು. ಅದನ್ನು ತ್ಯಜಿಸುವುದಾಗಿ ಸಭಿಕರೂ ಉಪಾಧ್ಯಾಯರೂ ಸಹಿ ಇಲ್ಲವೆ ಹೆಬ್ಬೆಟ್ಟಿನ ಗುರುತು ಹಾಕಬೇಕೆಂದು ಮಿಷನ್ನು ವಿಧಿಸಿತು. ಬಹುಸಂಖ್ಯೆಯ ಜನರು ಚರ್ಚನ್ನೇ ತೊರೆದರು. ಹಾಗೆಂದು ಅವರು ಬೈಬಲನ್ನಾಗಲಿ ವಿದ್ಯೆಯನ್ನಾಗಲಿ ಬಿಡಲಿಲ್ಲ. ತಾವೇ ಹಣ ಕೂಡಿಸಿ, ಸ್ವತಂತ್ರ ಶಾಲೆಗಳನ್ನೂ ಸ್ವತಂತ್ರ ಚರ್ಚುಗಳನ್ನೂ ಕಟ್ಟಿದರು.

ಡಾ. ಆರ್ಥರರ ಉದ್ದೇಶವನ್ನು ಅಲ್ಲಗಳೆಯಲಾಗದು. 2011ರಲ್ಲಿ ಕೀನ್ಯಾದ ಸಂಸತ್ತೇ ಈ ಪದ್ಧತಿಯನ್ನು ನಿಷೇಧಿಸುವ ಪ್ರತ್ಯೇಕ ಶಾಸನ ಮಾಡಿತು. ಸ್ತ್ರೀಯರ ದೇಹಕ್ಕಾಗುವ ಹಿಂಸೆಯನ್ನು ಸಂಪ್ರದಾಯವೆಂದು ಸಮರ್ಥಿಸುವುದು ಧರ್ಮವಲ್ಲ. ಆದರೆ ನೆಲದ ವಿಷಯದಲ್ಲಿ ನಂಬಿಕೆ ಕಳೆದುಕೊಂಡಿದ್ದ ಜನರ ಮುಂದೆ, ಆಳುವವರ ಕುಲದವರೇ ಕಾಗದ ಹಿಡಿದು ಹೆಬ್ಬೆಟ್ಟು ಕೇಳಿದಾಗ, ಹಿತವಚನವೂ ಅಪ್ಪಣೆಯಾಗಿ ಕೇಳಿಸಿತು. ಕ್ಷಾಮಕಾಲದ ಅನ್ನವು ಗಳಿಸಿದ್ದ ವಿಶ್ವಾಸವನ್ನು ಈ ಬಲವಂತವು ಬಹುಮಟ್ಟಿಗೆ ಕಳೆಯಿತು. ಸುಧಾರಣೆಯನ್ನು ಬಯಸುವವರು ಮೊದಲು ಜನರ ನಂಬಿಕೆಗೆ ಪಾತ್ರರಾಗಬೇಕೆಂಬುದನ್ನು ಥೊಗೊಟೊದ ಇತಿಹಾಸವು ತಿಳಿಸುತ್ತದೆ.