ಬೆನ್ನ ಹಿಂದಿನ ಪರದೆ

ಕಂಪ್ಯೂಟರ್ ಬಂದ ಮೇಲೆ ಫೋಟೋದಲ್ಲಿ ನಿಜ ಅನ್ನೋದೇ ಉಳಿದಿಲ್ಲ ಅಂತ ಗೊಣಗುವವರು ನಮ್ಮಲ್ಲಿ ಬಹಳ ಮಂದಿ. ಡೊಂಬಿವಲಿಯ ಮದುವೆ ಹಾಲಿನಲ್ಲಿ ನಿಂತ ವಧೂವರರು ಆಲ್ಬಂನಲ್ಲಿ ಸ್ವಿಟ್ಜರ್ಲೆಂಡಿನ ಹಿಮದ ಮುಂದೆ ನಿಂತಿರುತ್ತಾರೆ. ಹಿಂದೆ ಮಂಜು, ಮುಖದ ಮೇಲೆ ಬೆವರು! "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಅಂತಾರೆ ಹಿರಿಯರು. ಆದರೆ ಅವರದೇ ಮದುವೆಯ ಫೋಟೋ ತೆಗೆದು ನೋಡಿ. ಹಿಂದೆ ಒಂದು ಕೊಳ, ಕೊಳದಲ್ಲಿ ಎರಡು ಹಂಸ, ಪಕ್ಕಕ್ಕೆ ಅಮೃತಶಿಲೆಯ ಮೆಟ್ಟಿಲು. ನಮ್ಮ ಗದಗ, ಹಾವೇರಿ ಕಡೆ ಅಂಥ ಮೆಟ್ಟಿಲು ಎಲ್ಲಿತ್ತು? ಬಟ್ಟೆಯ ಮೇಲಿತ್ತು, ಅಷ್ಟೆ.

ಹಾಗಾಗಿ ಇವತ್ತು ಈ ಬೆನ್ನ ಹಿಂದಿನ ಪರದೆಯ ಕತೆ ಹೇಳೋಣ ಅಂತ ಕೂತಿದ್ದೇನೆ. ಫೋಟೋದಲ್ಲಿ ನಾವೆಲ್ಲ ಮುಖ ನೋಡುತ್ತೇವೆ. ಹಿಂದೆ ಏನಿದೆ ಅಂತ ಯಾರೂ ನೋಡುವುದಿಲ್ಲ. ಆದರೆ ಚರಿತ್ರೆ ಎಷ್ಟೋ ಸಲ ಹಿಂದೆಯೇ ನಿಂತಿರುತ್ತದೆ.

ಮೊದಲು ಒಂದು ತಮಾಷೆಯ ವಿಷಯ. 1839ರಲ್ಲಿ ತನ್ನ ಫೋಟೋ ವಿಧಾನವನ್ನು ಲೋಕಕ್ಕೆ ತೋರಿಸಿದ ಫ್ರಾನ್ಸಿನ ಲೂಯಿ ಡಾಗೇರ್ ಮೂಲತಃ ನಾಟಕಕ್ಕೆ ಪರದೆ ಬರೆಯುತ್ತಿದ್ದವನು. 1822ರಲ್ಲಿ ಪ್ಯಾರಿಸ್ಸಿನಲ್ಲಿ 'ಡಯೊರಾಮಾ' ಎಂಬ ಪ್ರದರ್ಶನ ಶುರು ಮಾಡಿದ್ದ. ಭಾರೀ ಬಟ್ಟೆಗಳ ಮೇಲೆ ಬೆಟ್ಟ, ಚರ್ಚು, ಕಣಿವೆ ಬರೆದು, ಮುಂದಿನಿಂದ ಒಮ್ಮೆ ಹಿಂದಿನಿಂದ ಒಮ್ಮೆ ಬೆಳಕು ಬಿಟ್ಟು, ಹಗಲು ಇರುಳಾದಂತೆ ಜನರಿಗೆ ತೋರಿಸುತ್ತಿದ್ದ. ಅಂದರೆ ಫೋಟೋ ಹುಟ್ಟಿದ್ದೇ ಪರದೆ ಬರೆಯುವವನ ಮನೆಯಲ್ಲಿ! ನಿಜ ಮತ್ತು ಬಣ್ಣ ಮೊದಲಿನಿಂದಲೂ ಒಂದೇ ಸೂರಿನ ಕೆಳಗಿದ್ದವು.

ಅದಾದ ಎರಡೇ ವರ್ಷಕ್ಕೆ, 1841ರಲ್ಲಿ, ಲಂಡನ್ನಿನಲ್ಲಿ ಸ್ಟುಡಿಯೋ ಇಟ್ಟಿದ್ದ ಆಂಟ್ವಾನ್ ಕ್ಲೋಡೆ ಎಂಬಾತ ಭಾವಚಿತ್ರದ ಹಿಂದೆ ಬಣ್ಣದಲ್ಲಿ ಬರೆದ ಪರದೆ ಕಟ್ಟುವುದಕ್ಕೆ ಪೇಟೆಂಟ್ ಮಾಡಿಸಿದ. ಕಾರಣ ಸರಳ. ಆಗಿನ ಪ್ಲೇಟುಗಳು ಬಹಳ ನಿಧಾನ. ಗಾಜಿನ ಚಾವಣಿಯ ಕೆಳಗೆ, ಕುತ್ತಿಗೆಯ ಹಿಂದೆ ಕಬ್ಬಿಣದ ಆಸರೆ ಇಟ್ಟುಕೊಂಡು ಅಲುಗಾಡದೆ ಕೂರಬೇಕಿತ್ತು. ತೋಟಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುವುದು ಕಷ್ಟ. ಹಾಗಾಗಿ ತೋಟವನ್ನೇ ಒಳಗೆ ತಂದರು. 1854ರಲ್ಲಿ ಪ್ಯಾರಿಸ್ಸಿನ ದಿಸ್ದೆರಿ ಒಂದೇ ಪ್ಲೇಟಿನ ಮೇಲೆ ಹಲವು ಸಣ್ಣ ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಫೋಟೋ ಅಗ್ಗವಾಯಿತು. ಬಂಗಲೆ ಇಲ್ಲದವನಿಗೂ ಬಂಗಲೆಯ ಕಂಬಕ್ಕೆ ಒರಗಿ ನಿಲ್ಲುವ ಯೋಗ ಬಂತು.

ಇನ್ನು ನಾವಿರುವ ಈ ಮುಂಬಯಿಗೆ ಬರೋಣ. ಇಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಶುರುವಾದದ್ದು 1854ರಲ್ಲಿ. ಅದರಲ್ಲಿ ಇಂಗ್ಲಿಷರ ಜೊತೆಗೆ ಡಾ. ಭಾವು ದಾಜಿ ಲಾಡ್ ಅವರ ತಮ್ಮ ನಾರಾಯಣ ದಾಜಿಯವರಂಥ ನಮ್ಮವರೂ ಇದ್ದರು. ಅದೇ ಬಳಗದ ವಿಲಿಯಂ ಜಾನ್ಸನ್ ಎಂಬಾತ 1863 ಮತ್ತು 1866ರಲ್ಲಿ ಎರಡು ಸಂಪುಟಗಳಾಗಿ ಮುಂಬಯಿಯ ಜನಜಾತಿಗಳ ಫೋಟೋ ಪುಸ್ತಕ ತಂದ. ಭಾಟಿಯಾಗಳು, ಪಾರ್ಸಿಗಳು, ಕೋಳಿಗಳು, ಹೀಗೆ ಊರಿನ ಬಗೆಬಗೆಯ ಜನ ಗುಂಪು ಗುಂಪಾಗಿ ಬಯಲಿನಲ್ಲೋ ಕಟ್ಟಡದ ಮುಂದೋ ನಿಂತಂತೆ ಕಾಣುತ್ತಾರೆ. ಆದರೆ ಅವರಲ್ಲಿ ಬಹಳ ಜನ ಅಲ್ಲಿ ನಿಂತೇ ಇರಲಿಲ್ಲ! ಸ್ಟುಡಿಯೋದೊಳಗೆ ತೆಗೆದ ಗುಂಪುಗಳನ್ನು ಬೇರೆ ಕಡೆ ತೆಗೆದ ದೃಶ್ಯಗಳ ಮುಂದೆ ಕೂಡಿಸಿ ಜಾನ್ಸನ್ ಆ ಚಿತ್ರಗಳನ್ನು ತಯಾರಿಸಿದ್ದ. ಇಂದು ಸ್ಟುಡಿಯೋ ಹುಡುಗರು 'ಬ್ಯಾಕ್‌ಗ್ರೌಂಡ್ ಚೇಂಜ್' ಅನ್ನುತ್ತಾರಲ್ಲ, ಅದೇ ಕೆಲಸ. ನಮ್ಮ ಮುಂಬಯಿಯಲ್ಲೇ, ಕರೆಂಟು ಕೂಡ ಇಲ್ಲದ ಕಾಲದಲ್ಲಿ ಆಗಿಹೋಗಿದೆ.

ರಾಜಸ್ಥಾನದ ನಾಥದ್ವಾರದ ಚಿತ್ರಕಾರರು ಇದನ್ನು ಭಕ್ತಿಗೆ ಬಳಸಿದರು. ಯಾತ್ರಿಕರ ಮುಖವನ್ನು ಫೋಟೋದಿಂದ ಕತ್ತರಿಸಿ ಅಂಟಿಸಿ, ಮೈ, ಬಟ್ಟೆ, ಕೈಜೋಡಿಸಿದ ಭಂಗಿ ಎಲ್ಲವನ್ನೂ ಬಣ್ಣದಲ್ಲಿ ಬರೆದು, ನಡುವೆ ಶ್ರೀನಾಥಜಿಯನ್ನು ನಿಲ್ಲಿಸುತ್ತಿದ್ದರು. ದೇವರ ಪಕ್ಕದಲ್ಲಿ ನಿಂತ ಹಾಗೆ ಒಂದು ಪಟ. ಅದನ್ನು ಸುಳ್ಳು ಅನ್ನುತ್ತೀರಾ? ಆ ಮನೆಯವರು ಅನ್ನಲಿಲ್ಲ.

ನಮ್ಮ ಊರುಗಳ ಸ್ಟುಡಿಯೋ ಪರದೆಗೆ ಹತ್ತಿರದ ನೆಂಟಸ್ತಿಕೆ ಕಂಪನಿ ನಾಟಕದ್ದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, 1908ರಲ್ಲಿ ಹುಬ್ಬಳ್ಳಿಯಲ್ಲಿ ಕೇಶವರಾವ್ ಭೋಸಲೆ ಕಟ್ಟಿದ ಮರಾಠಿಯ ಲಲಿತಕಲಾದರ್ಶ, ಇಂಥ ಕಂಪನಿಗಳ ಕಾಲದಲ್ಲಿ ಪರದೆ ಬರೆಯುವುದು ದೊಡ್ಡ ಕಸುಬು. ಅರಮನೆ, ಅರಣ್ಯ, ಬೀದಿ, ಉದ್ಯಾನ.. ಒಂದೊಂದಕ್ಕೂ ಒಂದೊಂದು ಪರದೆ. ಕೊಲ್ಹಾಪುರದ ಆನಂದರಾವ್ ಮತ್ತು ಬಾಬುರಾವ್ ಪೇಂಟರ್ ಪರದೆ ಬರೆದೇ ಹೆಸರಾದವರು. ಬಾಬುರಾವ್ ಮುಂದೆ ಸಿನಿಮಾಕ್ಕೆ ಬಂದು 1920ರಲ್ಲಿ 'ಸೈರಂಧ್ರಿ' ತೆಗೆದರು. ನಾಟಕದಲ್ಲಿ ರಾಜ ನಿಂತ ಉದ್ಯಾನ, ಸ್ಟುಡಿಯೋದಲ್ಲಿ ಕಿರಾಣಿ ಅಂಗಡಿಯವನ ಹಿಂದೆ ಬಂದು ನಿಂತಿತು. ಜಾತ್ರೆಯ ಫೋಟೋ ಅಂಗಡಿಯಲ್ಲಂತೂ ಹಲಗೆಯ ವಿಮಾನ, ತಾಜಮಹಲು, ಚಂದ್ರನ ಮೇಲೆ ಕೂರುವ ಸೀಟು ಎಲ್ಲವೂ ಇದ್ದವು. ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ನಮ್ಮ ಹುಡುಗರು ಮೊದಲ ಸಂಬಳದಲ್ಲಿ ಗೇಟ್‌ವೇ ಬರೆದ ಪರದೆಯ ಮುಂದೆ ನಿಂತು ಊರಿಗೆ ಫೋಟೋ ಕಳಿಸುತ್ತಿದ್ದರು. ನಿಜವಾದ ಗೇಟ್‌ವೇ ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿದ್ದರೂ ಸರಿಯೇ!

ಕಂಪ್ಯೂಟರಿಗೆ ಬರೋಣ. ಜಾನ್ ನಾಲ್ ಎಂಬ ಅಮೆರಿಕದವನು ಬೋರಾ ಬೋರಾ ದ್ವೀಪದ ಕಡಲ ದಂಡೆಯಲ್ಲಿ ಕೂತಿದ್ದ ತನ್ನ ಗೆಳತಿ ಜೆನಿಫರ್‌ಳ ಬೆನ್ನಿನ ಕಡೆಯಿಂದ ಒಂದು ಫೋಟೋ ತೆಗೆದ. ಮುಂದೆ ನೀಲಿ ನೀರು, ಆಚೆ ಒಂದು ಗುಡ್ಡ. ಜಾನ್ ಮತ್ತು ಅಣ್ಣ ಥಾಮಸ್ ಸೇರಿ ಬರೆದ ತಂತ್ರಾಂಶವನ್ನು ಜನರಿಗೆ ತೋರಿಸುವಾಗ ಬಳಸಿದ್ದು ಇದೇ ಚಿತ್ರವನ್ನು. ಆ ತಂತ್ರಾಂಶವೇ 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪ್. 1994ರ ಮೂರನೆಯ ಆವೃತ್ತಿಯಲ್ಲಿ 'ಲೇಯರ್' ಬಂತು. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟ ಹಾಗೆ, ಕೆಳಗೆ ಪರದೆ, ಮೇಲೆ ಮನುಷ್ಯ. ಕಂಪನಿ ನಾಟಕದ ರಂಗಸಜ್ಜಿಕೆಯೇ ಕಂಪ್ಯೂಟರಿನೊಳಗೆ ಹೊಕ್ಕ ಹಾಗಾಯಿತು.

2000ದ ದಶಕದಲ್ಲಿ ನಮ್ಮ ಸ್ಟುಡಿಯೋಗಳು ಡಿಜಿಟಲ್ ಆದಾಗ ಕೋಟೆ ಪ್ರದೇಶದ ಬೋರಾ ಬಜಾರಿನಂಥ ಕಡೆ ಬ್ಯಾಕ್‌ಗ್ರೌಂಡ್ ಸೀಡಿಗಳು ಬಂದವು. ಒಂದೊಂದರಲ್ಲಿ ನೂರಾರು ಜಲಪಾತ, ಗುಲಾಬಿ, ಕೋಟೆ, ಹಿಮ. 12×36 ಇಂಚಿನ ಕರಿಜ್ಮಾ ಆಲ್ಬಂಗೆ ಅವೇ ಬಂಡವಾಳ. ಈಗ ಅದೂ ಬೇಡ. ಫೋನೇ ಮನುಷ್ಯನನ್ನು ಬಿಡಿಸಿ ಬೇರೆ ಕಡೆ ನಿಲ್ಲಿಸುತ್ತದೆ, ಬೇಕಾದ ಪರದೆಯನ್ನು ಹೇಳಿ ಬರೆಸಿಕೊಳ್ಳಲೂಬಹುದು.

ಹಾಗಾದರೆ ಅಂದಿಗೂ ಇಂದಿಗೂ ವ್ಯತ್ಯಾಸವೇ ಇಲ್ಲವೇ? ಇದೆ. ಆದರೆ ಅದು ಸುಳ್ಳು-ನಿಜದ ವ್ಯತ್ಯಾಸವಲ್ಲ. ಹಳೆಯ ಪರದೆ ಫೋಟೋ ತೆಗೆಯುವ ಮೊದಲೇ ಅಲ್ಲಿತ್ತು. ಅದರ ಮುಂದೆ ಜನ ತಾವಾಗಿ ಬಂದು ನಿಂತರು, ಬೇಕಾದದ್ದನ್ನು ಆರಿಸಿಕೊಂಡರು. ಈಗಿನ ಪರದೆ ಆಮೇಲೆ ಬರುತ್ತದೆ. ಅದಕ್ಕೆ ಜಾಗ ಬೇಕಾದರೆ ಮೊದಲು ಅಲ್ಲಿದ್ದದ್ದನ್ನು ಅಳಿಸಬೇಕು. ಅಳಿಸಿದ್ದು ಏನು ಅಂತ ಅಳಿಸುವವನಿಗೂ ಗೊತ್ತಿರುವುದಿಲ್ಲ.

ಪರಿಚಯದವರೊಬ್ಬರ ಮನೆಯಲ್ಲಿ ಆದದ್ದು ಹೇಳುತ್ತೇನೆ. ತಾಯಿ ತೀರಿಕೊಂಡಾಗ ಇದ್ದದ್ದು ಒಂದೇ ಫೋಟೋ, ಮದುವೆಗೆ ಮುಂಚೆ ಊರ ಸ್ಟುಡಿಯೋದಲ್ಲಿ ಅಕ್ಕನ ಜೊತೆ ನಿಂತು ತೆಗೆಸಿದ್ದು. ಹಾರ ಹಾಕಲು ದೊಡ್ಡದು ಬೇಕು ಅಂತ ಹತ್ತಿರದ ಅಂಗಡಿಗೆ ಕೊಟ್ಟರು. ಹುಡುಗ ಚೆನ್ನಾಗಿಯೇ ಕೆಲಸ ಮಾಡಿದ್ದ. ತಾಯಿಯೊಬ್ಬರನ್ನೇ ಬಿಡಿಸಿ, ಹಿಂದೆ ನೀಲಿ ಬಣ್ಣ, ತಲೆಯ ಸುತ್ತ ಬೆಳಕು. ಭುಜದ ಮೇಲಿದ್ದ ಅಕ್ಕನ ಕೈಯನ್ನೂ ಗುರುತು ಸಿಗದಂತೆ ಅಳಿಸಿದ್ದ. ಆದರೆ ಮೂಲ ಪ್ರತಿ ಅಂಗಡಿಯಲ್ಲೇ ಎಲ್ಲೋ ಕಳೆದುಹೋಯಿತು. ವರ್ಷಾಂತಿಕಕ್ಕೆ ಊರಿನಿಂದ ಬಂದ ದೊಡ್ಡವ್ವ ಗೋಡೆಯ ಮುಂದೆ ನಿಂತು ನೋಡಿ ಕೇಳಿದ್ದು ಇಷ್ಟೇ: "ಯಪ್ಪಾ, ನನ್ನ ಎಲ್ಲಿ ಬಿಟ್ಟು ಬಂದಿ?"

ಉತ್ತರ ಯಾರ ಹತ್ತಿರವೂ ಇರಲಿಲ್ಲ. ಆಕೆಯ ಎಳೆ ವಯಸ್ಸಿನ ಚಿತ್ರವೂ ಅದೊಂದೇ ಆಗಿತ್ತು.

ಪರದೆ ಎಷ್ಟು ಹೇಳಬಲ್ಲದು ಅನ್ನುವುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಆಫ್ರಿಕಾದ ಮಾಲಿ ದೇಶದ ಬಮಾಕೊ ಊರಿನಲ್ಲಿ ಸೇದು ಕೇತಾ ಎಂಬಾತ 1948ರಲ್ಲಿ ಸ್ಟುಡಿಯೋ ತೆರೆದ. ಮೊದಲ ಪರದೆ ಅವನದೇ ಹಾಸಿಗೆಯ ಹೊದಿಕೆ! ಎರಡು ಮೂರು ವರ್ಷಕ್ಕೊಮ್ಮೆ ಬಟ್ಟೆ ಬದಲಿಸುತ್ತಿದ್ದ. ಮುಂದೆ ಅವನ ಫೋಟೋಗಳು ಲೋಕಪ್ರಸಿದ್ಧವಾದಾಗ, ಯಾವುದು ಯಾವ ಕಾಲದ್ದು ಅಂತ ಅವನು ಗುರುತಿಸಿದ್ದು ಹಿಂದಿನ ಬಟ್ಟೆಯ ವಿನ್ಯಾಸದಿಂದ. ಮುಖ ಹೇಳದ ಇಸವಿಯನ್ನು ಪರದೆ ಹೇಳಿತು. ನಮ್ಮ ಊರಿನ ಕೊಳ-ಹಂಸದ ಪರದೆಗೂ ಇದೇ ಶಕ್ತಿ ಇದೆ. ಅದೇ ಪರದೆಯ ಮುಂದೆ ಊರಿನ ಇನ್ನೊಂದು ಮನೆಯವರೂ ನಿಂತಿರುತ್ತಾರೆ. ಎರಡು ಆಲ್ಬಂ ಅಕ್ಕಪಕ್ಕ ಇಟ್ಟರೆ ಇಸವಿ, ಸ್ಟುಡಿಯೋ, ಸಂಬಂಧ ಎಲ್ಲ ಬಿಚ್ಚಿಕೊಳ್ಳುತ್ತವೆ. ಸೀಡಿಯ ಜಲಪಾತಕ್ಕೆ ಇಂಥ ವಿಳಾಸವಿಲ್ಲ. ಅದು ಧಾರವಾಡದಲ್ಲೂ ಅದೇ, ದಾದರಿನಲ್ಲೂ ಅದೇ.

ಹಾಗಂತ ಹೊಸ ಪರದೆ ಬೇಡ ಅನ್ನುವವನು ನಾನಲ್ಲ. ನಾನೂ ಬಿಡುವಾದಾಗ ಮನೆಯವರ ಚಿತ್ರಗಳಿಗೆ ಪರದೆ ತಯಾರಿಸುತ್ತೇನೆ. ನಾನು ಪಾಲಿಸುವ ಕ್ರಮ ಹೇಳುತ್ತೇನೆ, ಉಪಯೋಗವಾದೀತು. ಹಳೆಯ ಫೋಟೋವನ್ನು ಅಂಚು, ರಟ್ಟು, ಹಿಂಬದಿಯ ಬರಹ ಸಮೇತ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಒಂದು ಪ್ರತಿಯನ್ನು ಮುಟ್ಟದೆ ಇಡಿ. ಅಂಗಡಿಗೆ ಕೊಡುವುದಾದರೆ ಈ ಸ್ಕ್ಯಾನ್ ಕೊಡಿ, ಮೂಲ ಪ್ರತಿ ಮನೆಯಲ್ಲಿರಲಿ. ಬದಲಾವಣೆ ಏನಿದ್ದರೂ ಇನ್ನೊಂದು ಪ್ರತಿಯ ಮೇಲೆ.

ಪರದೆಯನ್ನು ಎಲ್ಲಿಂದಲೋ ತರುವ ಬದಲು ನೀವೇ ತಯಾರಿಸಿ. ಊರಿಗೆ ಹೋದಾಗ ಮನೆಯ ಪಡಸಾಲೆಯ ಗೋಡೆ, ಸುಣ್ಣ ಎದ್ದ ಜಾಗ, ಅವ್ವನ ಇಳಕಲ್ ಸೀರೆ, ಕೌದಿ, ಇವುಗಳ ಚಿತ್ರ ನೇರವಾಗಿ ನಿಂತು ತೆಗೆದುಕೊಳ್ಳಿ. 12×18 ಇಂಚಿಗೆ ಪ್ರಿಂಟ್ ಹಾಕಿಸುವುದಾದರೆ 300 ಡಿಪಿಐಗೆ 3600×5400 ಪಿಕ್ಸೆಲ್ ಬೇಕು. ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ, ಪರದೆಯ ಬೆಳಕೂ ಅದಕ್ಕೆ ಹೊಂದುವ ದಿಕ್ಕಿನಿಂದ ಬರಬೇಕು. ಪರದೆಯನ್ನು ಸ್ವಲ್ಪ ಮಸುಕು ಮಾಡಿ, ಕಾಲಿನ ಬುಡಕ್ಕೆ ನೆರಳು ಹಾಕಿ, ಇಲ್ಲವಾದರೆ ಮನುಷ್ಯ ಗಾಳಿಯಲ್ಲಿ ತೇಲುತ್ತಾನೆ. ಇಷ್ಟು ಮಾಡಿದರೆ ಬೆನ್ನ ಹಿಂದೆ ಯಾರದೋ ಹಿಮ ಇರುವುದಿಲ್ಲ, ನಿಮ್ಮ ಮನೆಯ ಗೋಡೆ ಇರುತ್ತದೆ.

ಪಾಸ್‌ಪೋರ್ಟ್ ಫೋಟೋಕ್ಕೆ ಸರ್ಕಾರ ಬಿಳಿ ಹಿನ್ನೆಲೆ ಕೇಳುತ್ತದೆ. ಅಲ್ಲಿ ಮುಖ ಸಾಕು, ಸರಿಯೇ. ಮನೆಯ ಗೋಡೆಯ ಮೇಲಿನ ಫೋಟೋಕ್ಕೆ ಅಷ್ಟು ಸಾಲದು. ಊರು ಬಿಟ್ಟು ಬಂದ ನಮ್ಮ ಮಕ್ಕಳಿಗೆ ಅಜ್ಜ-ಅಜ್ಜಿಯ ಮುಖ ಹೇಗೂ ಗೊತ್ತಾಗುತ್ತದೆ. ಅವರು ಎಲ್ಲಿ ನಿಂತಿದ್ದರು, ಯಾರ ಪಕ್ಕ ನಿಂತಿದ್ದರು, ಯಾವ ಅರಮನೆಯ ಕನಸು ಕಂಡಿದ್ದರು ಅನ್ನುವುದನ್ನು ಹೇಳಲು ಉಳಿದಿರುವುದು ಆ ಮಾಸಿದ ಪರದೆಯೊಂದೇ. ಈ ಭಾನುವಾರ ಟ್ರಂಕಿನಿಂದ ಆಲ್ಬಂ ಹೊರಗೆ ತೆಗೆದು ನೋಡಿ. ಊರಿನಲ್ಲಿ ಇನ್ನೂ ಇರುವ ಹಿರಿಯರಿಗೆ ಫೋನ್ ಮಾಡಿ, ಆ ಸ್ಟುಡಿಯೋ ಯಾವ ಬೀದಿಯಲ್ಲಿತ್ತು ಅಂತ ಕೇಳಿ, ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿ.